ಎಣ್ಣೆ ಅಗ್ಗವಾದಾಗ

2020ರ ಏಪ್ರಿಲ್ 20. ಮಧ್ಯರಾತ್ರಿ ಹತ್ತಿರ ಬಂದಿತ್ತು. ಲಾಕ್‌ಡೌನ್ ಕಾಲ, ಸ್ಟುಡಿಯೋದಲ್ಲಿ ಅರ್ಧ ಜನವೂ ಇರಲಿಲ್ಲ. ಡೆಸ್ಕ್‌ನ ಹುಡುಗ ಓಡಿ ಬಂದು ಹೇಳಿದ: "ಸಾರ್, ಕ್ರೂಡ್ ಮೈನಸ್‌ಗೆ ಹೋಯ್ತು!" ನಾನು ನಂಬಲಿಲ್ಲ. ಎಲ್ಲೋ ಟೈಪಿಂಗ್ ತಪ್ಪು ಅಂದುಕೊಂಡೆ. ತಪ್ಪಲ್ಲ. ಅಮೆರಿಕದ ಕಚ್ಚಾತೈಲದ ಮೇ ತಿಂಗಳ ವಾಯಿದೆ ಬೆಲೆ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ನಿಂತಿತ್ತು. ಅಂದರೆ ಎಣ್ಣೆ ತಗೊಂಡು ಹೋಗಪ್ಪಾ, ಮೇಲೆ ದುಡ್ಡೂ ಕೊಡ್ತೀವಿ ಅನ್ನುವ ಸ್ಥಿತಿ. ಒಕ್ಲಹೋಮಾದ ಕುಶಿಂಗ್‌ನಲ್ಲಿರುವ ಟ್ಯಾಂಕುಗಳಲ್ಲಿ ಜಾಗ ಉಳಿದಿರಲಿಲ್ಲ, ವಾಯಿದೆ ಮುಗಿಯೋದು ಮರುದಿನವೇ, ಕೈಯಲ್ಲಿ ಕಾಗದ ಹಿಡಿದವರಿಗೆ ಎಣ್ಣೆ ಸುರಿದುಕೊಳ್ಳಲು ಒಂದು ಬಿಂದಿಗೆಯೂ ಇರಲಿಲ್ಲ.

ಮರುದಿನ ಬೆಳಗ್ಗೆಯಿಂದ ನೀವು ನಮ್ಮ ವಾಹಿನಿಗೆ ಫೋನ್ ಮಾಡಿ ಕೇಳಿದ ಪ್ರಶ್ನೆ ಒಂದೇ: "ಹಾಗಾದ್ರೆ ನಮ್ಮ ಬಂಕ್‌ನಲ್ಲಿ ಪೆಟ್ರೋಲ್ ಯಾಕೆ ಕಮ್ಮಿ ಆಗಿಲ್ಲ?" ನ್ಯಾಯವಾದ ಪ್ರಶ್ನೆ. ಅದಕ್ಕೆ ಆಮೇಲೆ ಬರ್ತೀನಿ. ಆದರೆ ಆ ರಾತ್ರಿ ನನಗೆ ನೆನಪಾದದ್ದು ಬಂಕ್ ಅಲ್ಲ, ನಮ್ಮ ಕಾಲೇಜಿನ ಹಿಂದಿದ್ದ ಒಂದು ಶೆಡ್ಡು.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಫೈನಲ್ ಇಯರ್ ಪ್ರಾಜೆಕ್ಟ್ ಆರಿಸಿಕೊಂಡದ್ದು 2008ರಲ್ಲಿ. ಆ ವರ್ಷದ ಜುಲೈನಲ್ಲಿ ಕಚ್ಚಾತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಇನ್ನೇನು 200 ಆಗುತ್ತೆ ಅಂತ ದೊಡ್ಡದೊಡ್ಡವರೇ ಹೇಳುತ್ತಿದ್ದರು. ಕರ್ನಾಟಕದ ಮೆಕ್ಯಾನಿಕಲ್ ಹುಡುಗರಿಗೆ ಆಗ ಪ್ರಾಜೆಕ್ಟ್ ಅಂದರೆ ಒಂದೇ, ಹೊಂಗೆ ಎಣ್ಣೆಯಿಂದ ಬಯೋಡೀಸೆಲ್. ನಾವು ನಾಲ್ಕು ಜನ ಗಾಣದಿಂದ ಹೊಂಗೆ ಎಣ್ಣೆ ತಂದೆವು. ಅದರಲ್ಲಿ ಆಮ್ಲದ ಅಂಶ ಜಾಸ್ತಿ, ನೇರವಾಗಿ ಕೆಲಸ ಮಾಡಿದರೆ ಸೋಪಾಗಿಬಿಡುತ್ತೆ. ಹಾಗಾಗಿ ಮೊದಲು ಆಸಿಡ್ ಹಾಕಿ ಒಂದು ಸಲ, ಆಮೇಲೆ ಮೆಥನಾಲ್, ಕಾಸ್ಟಿಕ್ ಸೋಡಾ ಹಾಕಿ ಇನ್ನೊಂದು ಸಲ ಕಾಯಿಸಬೇಕು. ರಾತ್ರಿಯಿಡೀ ಬಿಟ್ಟರೆ ಕೆಳಗೆ ಕಪ್ಪು ಗ್ಲಿಸರಿನ್, ಮೇಲೆ ಜೇನುತುಪ್ಪದ ಬಣ್ಣದ ಬಯೋಡೀಸೆಲ್. ಅದನ್ನು ಡೀಸೆಲ್ ಜೊತೆ ಶೇ. 20ರಷ್ಟು ಬೆರೆಸಿ ಲ್ಯಾಬ್‌ನ ಹಳೇ ಸಿಂಗಲ್ ಸಿಲಿಂಡರ್ ಎಂಜಿನ್‌ಗೆ ಹಾಕಿದರೆ ಚೆನ್ನಾಗಿಯೇ ಓಡಿತು. ಹೊಗೆಯಲ್ಲಿ ಪಕೋಡ ಕರಿದ ವಾಸನೆ ಬರುತ್ತಿತ್ತು, ಅದೊಂದು ಬಿಟ್ಟರೆ ದೂರಿಲ್ಲ.

ಒಂದು ಬಾಟಲಿ ಊರಿಗೆ ತಗೊಂಡು ಹೋಗಿ ಅಜ್ಜಿಗೆ ತೋರಿಸಿದೆ. ಅಜ್ಜಿ ಮೂಸಿ ನೋಡಿ ಹೇಳಿದಳು: "ಹೊಂಗೆ ಎಣ್ಣೆ ಕಣೋ ಇದು. ನಾವು ಚಿಕ್ಕವರಿದ್ದಾಗ ಮನೇಲಿ ದೀಪ ಉರೀತಿದ್ದುದೇ ಇದರಲ್ಲಿ. ಸೀಮೆಎಣ್ಣೆ ಬಂತು, ಬಿಟ್ವಿ. ಇದನ್ನ ಕಲಿಯೋಕೆ ನಿನಗೆ ನಾಲ್ಕು ವರ್ಷ ಬೇಕಾಯ್ತಾ?"

ನಗು ಬಂತು, ಆದರೆ ಆ ಪದ ನೋಡಿ. ಸೀಮೆಎಣ್ಣೆ. ಸೀಮೆಸುಣ್ಣ, ಸೀಮೆಬದನೆ ಇದ್ದ ಹಾಗೆ ಸೀಮೆಎಣ್ಣೆ. ಹೊರಗಿನಿಂದ ಬಂದದ್ದು ಅಂತ ಭಾಷೆಯೇ ಗುರುತು ಹಾಕಿಟ್ಟಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದಿಂದ, ರಷ್ಯಾದಿಂದ, ಆಮೇಲೆ ಬರ್ಮಾದಿಂದ ಡಬ್ಬಗಳಲ್ಲಿ ಬಂದ ಎಣ್ಣೆ ಅದು. ಬದುವಿನ ಮೇಲಿನ ಹೊಂಗೆ ಮರ ಎಲ್ಲೂ ಹೋಗಲಿಲ್ಲ. ಬೀಜ ಉದುರುತ್ತಲೇ ಇತ್ತು. ಆರಿಸುವವರು ಕಮ್ಮಿಯಾದರು, ಅಷ್ಟೇ. ಅಗ್ಗದ ಎಣ್ಣೆ ಬಂದ ಕೂಡಲೇ ಕೈಯಲ್ಲಿದ್ದ ಎಣ್ಣೆ ಮರೆತುಹೋಯಿತು.

ನಮ್ಮ ಪ್ರಾಜೆಕ್ಟ್ ರಿಪೋರ್ಟಿನ ಮೊದಲ ವಾಕ್ಯ ಏನಿತ್ತು ಗೊತ್ತಾ? ಇನ್ನು ನಲವತ್ತು ವರ್ಷದಲ್ಲಿ ಪ್ರಪಂಚದ ತೈಲ ಮುಗಿಯುತ್ತದೆ ಅಂತ. ನಮಗಿಂತ ಮುಂಚಿನ ಬ್ಯಾಚಿನ ರಿಪೋರ್ಟಿನಲ್ಲೂ ಅದೇ, ಅವರ ಮುಂಚಿನವರದ್ದರಲ್ಲೂ ಅದೇ ನಲವತ್ತು ವರ್ಷ. ಈ ಮಾತಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಹೆಸರು ಕಿಂಗ್ ಹಬರ್ಟ್. ಶೆಲ್ ಕಂಪನಿಯ ಭೂಭೌತ ವಿಜ್ಞಾನಿ. 1956ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ, ತೈಲ ಉದ್ಯಮದವರೇ ತುಂಬಿದ್ದ ಸಭೆಯಲ್ಲಿ ಎದ್ದು ನಿಂತು, ಅಮೆರಿಕದ ತೈಲ ಉತ್ಪಾದನೆ 1965ರಿಂದ 1970ರ ಆಸುಪಾಸಿನಲ್ಲಿ ಶಿಖರ ಮುಟ್ಟಿ ಇಳಿಯಲು ಶುರುವಾಗುತ್ತದೆ ಅಂದುಬಿಟ್ಟ. ಸಭೆಗೆ ಮುಂಚೆ ಕಂಪನಿಯ ಕಚೇರಿಯಿಂದ ಫೋನ್ ಬಂದಿತ್ತಂತೆ, ಆ ಭಾಗ ಬಿಟ್ಟುಬಿಡಿ ಅಂತ. ಆತ ಬಿಡಲಿಲ್ಲ. ನಕ್ಕವರೇ ಹೆಚ್ಚು. 1970ರಲ್ಲಿ ಅಮೆರಿಕದ ಉತ್ಪಾದನೆ ನಿಜಕ್ಕೂ ಶಿಖರ ಮುಟ್ಟಿತು, ಇಳಿಯಿತು.

ಇದರ ಬೆಲೆ ಗೊತ್ತಾದದ್ದು 1973ರಲ್ಲಿ. ಅದಕ್ಕೆ ಮುಂಚೆ, 1967ರಲ್ಲೂ ಅರಬ್ ದೇಶಗಳು ತೈಲ ನಿಲ್ಲಿಸಿ ನೋಡಿದ್ದವು. ಏನೂ ಆಗಲಿಲ್ಲ, ಯಾಕೆಂದರೆ ಅಮೆರಿಕ ತನ್ನ ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿತು. 1973ರ ಹೊತ್ತಿಗೆ ಆ ನಲ್ಲಿ ಪೂರ್ತಿ ತೆರೆದೇ ಇತ್ತು. ಅಕ್ಟೋಬರ್ 6ಕ್ಕೆ ಈಜಿಪ್ಟ್, ಸಿರಿಯಾ ಒಂದು ಕಡೆ, ಇಸ್ರೇಲ್ ಇನ್ನೊಂದು ಕಡೆ ನಿಂತು ಯುದ್ಧ ಶುರುವಾಯಿತು. ಅಕ್ಟೋಬರ್ 17ಕ್ಕೆ ಅರಬ್ ದೇಶಗಳು ಉತ್ಪಾದನೆ ಕಡಿತ ಮಾಡಿದವು. ಮೂರು ಡಾಲರ್ ಆಸುಪಾಸಿನಲ್ಲಿದ್ದ ಬ್ಯಾರೆಲ್ ಬೆಲೆ ಹೊಸ ವರ್ಷ ಬರುವಷ್ಟರಲ್ಲಿ ಹನ್ನೊಂದು ಡಾಲರ್ ದಾಟಿತು.

ಆ ನವೆಂಬರ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಪೆಟ್ರೋಲ್ ಬೆಲೆ ಏರಿಕೆ ವಿರೋಧಿಸಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದದ್ದು ನೀವು ನೋಡಿರುತ್ತೀರಿ. ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ಆ ಕಪ್ಪುಬಿಳುಪು ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ನಾವೂ ತೋರಿಸಿದ್ದೇವೆ, ಸುಳ್ಳು ಯಾಕೆ ಹೇಳಲಿ. ಅದೇ ದಿನಗಳಲ್ಲಿ ಪ್ರಧಾನಿ ಇಂದಿರಾ ಗಾಂಧಿ ಪೆಟ್ರೋಲ್ ಉಳಿಸುತ್ತೇವೆ ಅಂತ ಕುದುರೆಗಾಡಿ ಹತ್ತಿದ್ದರು. ಅದನ್ನು ಯಾರೂ ಫಾರ್ವರ್ಡ್ ಮಾಡೋದಿಲ್ಲ.

ಎಣ್ಣೆ ದುಬಾರಿಯಾದಾಗ ಪರ್ಯಾಯ ಹುಡುಕುವುದು ಎಲ್ಲರಿಗೂ ಬರುತ್ತೆ. 1973ರ ನಂತರ ಪ್ರಪಂಚವೆಲ್ಲ ಅದನ್ನೇ ಮಾಡಿತು. ಕಥೆ ಇರೋದು ಆಮೇಲೆ, 1986ರಲ್ಲಿ. ಆ ವರ್ಷ ಸೌದಿ ಅರೇಬಿಯಾ ಕೈಬಿಚ್ಚಿ ತೈಲ ಹರಿಸಿತು, ಕೆಲವೇ ತಿಂಗಳಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಯಾರು ಏನು ಮಾಡಿದರು ಅನ್ನುವುದನ್ನು ಆ ವರ್ಷದಲ್ಲಿ ನಿಂತು ನೋಡಬೇಕು.

ಮೊದಲು ಅಮೆರಿಕ. 1979ರಲ್ಲಿ ಇರಾನ್ ಕ್ರಾಂತಿಯಿಂದ ಎರಡನೇ ಸಲ ಬೆಲೆ ಏರಿತ್ತು, ಬಂಕ್‌ಗಳ ಮುಂದೆ ಮೈಲುಗಟ್ಟಲೆ ಕ್ಯೂ. ಜೂನ್ 20ಕ್ಕೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಮೇಲೆ 32 ಸೋಲಾರ್ ಫಲಕ ಹಾಕಿಸಿ ಪತ್ರಕರ್ತರನ್ನು ತಾರಸಿಗೇ ಕರೆದರು. ಕರೆಂಟು ಮಾಡುವ ಫಲಕ ಅಲ್ಲ. ಬೆಂಗಳೂರಿನ ಮನೆಗಳ ಮೇಲೆ ಕಾಣುತ್ತಲ್ಲ, ಸ್ನಾನಕ್ಕೆ ನೀರು ಕಾಯಿಸುವ ಸೋಲಾರ್, ಅದೇ ಜಾತಿ. ಕಾರ್ಟರ್ ಅಂದು ಒಂದು ಮಾತು ಹೇಳಿದರು. ಇನ್ನೊಂದು ತಲೆಮಾರಿನ ಹೊತ್ತಿಗೆ ಈ ಹೀಟರ್ ಮ್ಯೂಸಿಯಂನಲ್ಲಿಡುವ ವಿಚಿತ್ರ ವಸ್ತುವಾಗಬಹುದು, ನಾವು ಹಿಡಿಯದೇ ಬಿಟ್ಟ ದಾರಿಯ ಗುರುತಾಗಬಹುದು, ಇಲ್ಲವೇ ಅಮೆರಿಕನ್ನರು ಕೈಹಾಕಿದ ದೊಡ್ಡ ಸಾಹಸದ ಮೊದಲ ಚೂರಾಗಬಹುದು ಅನ್ನುವ ಅರ್ಥದ ಮಾತು.

1986ರಲ್ಲಿ, ರೇಗನ್ ಕಾಲದಲ್ಲಿ, ಛಾವಣಿ ರಿಪೇರಿ ಅಂತ ಫಲಕ ಇಳಿಸಿದರು. ರಿಪೇರಿ ಮುಗಿಯಿತು, ಫಲಕ ಮತ್ತೆ ಮೇಲೆ ಹೋಗಲಿಲ್ಲ. ಗೋಡೌನ್ ಸೇರಿದವು. ಕೊನೆಗೆ ಮೈನ್ ರಾಜ್ಯದ ಯೂನಿಟಿ ಎಂಬ ಸಣ್ಣ ಕಾಲೇಜಿನವರು ತಂದು ತಮ್ಮ ಊಟದ ಹಾಲಿನ ಮೇಲೆ ಹಾಕಿಕೊಂಡರು, ವರ್ಷಗಟ್ಟಲೆ ನೀರು ಕಾಯಿಸಿದವು. ಅಂದರೆ ಫಲಕ ಕೆಟ್ಟಿರಲಿಲ್ಲ! ಈಗ ಒಂದು ಫಲಕ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಕಾರ್ಟರ್ ಬಾಯಲ್ಲಿ ಬಂದ ಮ್ಯೂಸಿಯಂ ಮಾತು ಅಕ್ಷರಶಃ ನಿಜವಾಯಿತು. ಇನ್ನೊಂದು ಎಲ್ಲಿದೆ ಊಹಿಸಿ. ಚೀನಾದ ದೆಝೌ ನಗರದ ಸೋಲಾರ್ ಮ್ಯೂಸಿಯಂನಲ್ಲಿ. ಇವತ್ತು ಪ್ರಪಂಚದಲ್ಲಿ ಅತಿ ಹೆಚ್ಚು ಸೋಲಾರ್ ಫಲಕ ಮಾಡುವ ದೇಶ ಯಾವುದು ಅಂತ ನಾನು ಹೇಳಬೇಕಾಗಿಲ್ಲ.

ಬ್ರೆಜಿಲ್ ಕಥೆ ನಮ್ಮ ಮಂಡ್ಯ, ಬೆಳಗಾವಿ, ಬಾಗಲಕೋಟೆಯವರು ಕಿವಿಗೊಟ್ಟು ಕೇಳಬೇಕಾದದ್ದು. 1975ರಲ್ಲಿ ಅಲ್ಲಿನ ಸರ್ಕಾರ ಕಬ್ಬಿನಿಂದ ಎಥನಾಲ್ ಮಾಡಿ ಕಾರಿಗೆ ಹಾಕುವ ಯೋಜನೆ ತಂದಿತು, ಹೆಸರು ಪ್ರೊಆಲ್ಕೂಲ್. 1979ರಲ್ಲಿ ಬರೀ ಎಥನಾಲ್‌ನಲ್ಲಿ ಓಡುವ ಫಿಯೆಟ್ ಕಾರು ರಸ್ತೆಗಿಳಿಯಿತು. 1980ರ ದಶಕದ ಮಧ್ಯದಲ್ಲಿ ಅಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಎಥನಾಲ್ ಕಾರು. ಆಮೇಲೆ ತೈಲ ಅಗ್ಗವಾಯಿತು, ಸರ್ಕಾರದ ಸಬ್ಸಿಡಿ ಸೊರಗಿತು. ಅತ್ತ ಸಕ್ಕರೆಗೆ ಬೆಲೆ ಬಂತು, ಕಾರ್ಖಾನೆಗಳು ಕಬ್ಬನ್ನು ಸಕ್ಕರೆ ಕಡೆ ತಿರುಗಿಸಿದವು. 1989ರ ಕೊನೆಯ ಹೊತ್ತಿಗೆ ಬಂಕ್‌ನಲ್ಲಿ ಎಥನಾಲ್ ಇಲ್ಲ! ಬೇರೆ ಇಂಧನ ಹಾಕಲು ಬಾರದ ಕಾರು ಮನೆ ಮುಂದೆ ನಿಂತಿದೆ. ಆ ಜನರ ಸಿಟ್ಟು ಊಹಿಸಿ. ನಾಲ್ಕೈದು ವರ್ಷದಲ್ಲಿ ಎಥನಾಲ್ ಕಾರು ಕೇಳುವವರೇ ಇಲ್ಲವಾಯಿತು. 2003ರಲ್ಲಿ ಯಾವ ಪ್ರಮಾಣದಲ್ಲಿ ಬೆರೆಸಿದರೂ ಓಡುವ ಫ್ಲೆಕ್ಸ್ ಕಾರು ಬಂದ ಮೇಲೆಯೇ ಜನ ಮತ್ತೆ ಆ ಕಡೆ ತಿರುಗಿದ್ದು.

2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು. ನಾನು ಲೈವ್ ಮಾಡುತ್ತಿದ್ದೆ. ಆಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬ್ರೆಜಿಲ್‌ನ ಆ ಖಾಲಿ ಪಂಪು. ಮಳೆ ಕೈಕೊಟ್ಟ ವರ್ಷ ಕಬ್ಬು ಸಕ್ಕರೆಗೋ, ಕಾರಿಗೋ? ಈ ಪ್ರಶ್ನೆ ಕೇಳಿದರೆ ಚರ್ಚೆಗೆ ಬಂದವರು ಕೂಡಲೇ ಪಕ್ಷದ ಮಾತಿಗೆ ಇಳಿಯುತ್ತಾರೆ. ಹೋಗಲಿ.

ಇನ್ನು ಡೆನ್ಮಾರ್ಕ್. ನಮ್ಮ ಕರ್ನಾಟಕದ ಜನಸಂಖ್ಯೆಯ ಹತ್ತನೇ ಒಂದು ಭಾಗವೂ ಇಲ್ಲದ ದೇಶ. 1973ರಲ್ಲಿ ಅದರ ಇಂಧನದಲ್ಲಿ ನೂರಕ್ಕೆ ತೊಂಬತ್ತು ಭಾಗ ಹೊರಗಿನ ತೈಲ. ಮನೆ ಬಿಸಿ ಮಾಡಲೂ ತೈಲ, ಕರೆಂಟಿಗೂ ತೈಲ. ಆ ನವೆಂಬರ್‌ನಿಂದ ಭಾನುವಾರ ಕಾರು ಓಡಿಸುವಂತಿಲ್ಲ ಅಂತ ಆದೇಶ ಬಂತು, ಹೆದ್ದಾರಿಯಲ್ಲಿ ಜನ ಸೈಕಲ್ ತುಳಿದರು. ಅವರೂ ಮೊದಲು ಓಡಿದ್ದು ಕಲ್ಲಿದ್ದಲಿನ ಕಡೆಗೇ, ಅದನ್ನು ಮುಚ್ಚಿಡಬಾರದು. ಆದರೆ ಜೊತೆಜೊತೆಗೆ ಇನ್ನೊಂದು ನಡೆಯಿತು. ಯೋಹಾನೆಸ್ ಯೂಲ್ ಎಂಬ ಎಂಜಿನಿಯರ್ 1957ರಲ್ಲೇ ಗೆಡ್ಸರ್ ಎಂಬಲ್ಲಿ 200 ಕಿಲೋವಾಟ್‌ನ ಗಾಳಿಯಂತ್ರ ನಿಲ್ಲಿಸಿದ್ದ. ಹತ್ತು ವರ್ಷ ಓಡಿತ್ತು. ತೈಲ ಅಗ್ಗ ಅಂತ ಅದನ್ನೂ ನಿಲ್ಲಿಸಿದ್ದರು, ನೋಡಿ. ಈಗ ಆ ಹಳೇ ವಿನ್ಯಾಸವನ್ನೇ ಹಿಡಿದು ಕ್ರಿಶ್ಚಿಯನ್ ರೀಸೇಯರ್ ಎಂಬ ಬಡಗಿ ತನ್ನ ಹಿತ್ತಲಲ್ಲಿ ಗಾಳಿಯಂತ್ರ ಮಾಡಿ ಊರಿನ ವಿದ್ಯುತ್ ಲೈನಿಗೆ ಜೋಡಿಸಿದ. ಟ್ವಿಂಡ್ ಎಂಬಲ್ಲಿ ಶಾಲೆಯ ಮೇಷ್ಟ್ರು, ಮಕ್ಕಳು, ಊರವರು ಸೇರಿ 1978ರಲ್ಲಿ ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ದೊಡ್ಡ ಯಂತ್ರಗಳಲ್ಲೊಂದನ್ನು ಎಬ್ಬಿಸಿದರು. ಕೃಷಿ ಟ್ರೈಲರ್, ಕ್ರೇನ್ ಮಾಡಿಕೊಂಡಿದ್ದ ವೆಸ್ಟಾಸ್ ಎಂಬ ಕಂಪನಿಯೂ ಈ ವ್ಯವಹಾರಕ್ಕೆ ಬಂತು.

1986 ಇವರನ್ನೂ ಬಿಡಲಿಲ್ಲ. ಡೆನ್ಮಾರ್ಕ್‌ನ ಯಂತ್ರಗಳಿಗೆ ದೊಡ್ಡ ಗಿರಾಕಿ ಕ್ಯಾಲಿಫೋರ್ನಿಯಾ. ಅಲ್ಲಿ ತೆರಿಗೆ ರಿಯಾಯಿತಿ ನಿಂತಿತು, ತೈಲ ಅಗ್ಗವಾಯಿತು, ವೆಸ್ಟಾಸ್ ದಿವಾಳಿ ಎದ್ದಿತು. ಅಷ್ಟೇ ಅಲ್ಲ, ಅಷ್ಟೊತ್ತಿಗೆ ಡೆನ್ಮಾರ್ಕ್‌ಗೆ ತನ್ನದೇ ಸಮುದ್ರದಲ್ಲಿ ತೈಲ, ಗ್ಯಾಸ್ ಬರತೊಡಗಿತ್ತು. ಎಲ್ಲ ಬಿಟ್ಟು ಕೂರಲು ಇದಕ್ಕಿಂತ ಒಳ್ಳೆಯ ನೆಪ ಬೇಕಾ? ಅವರು ಮಾಡಿದ್ದು ಬೇರೆ. ತೈಲದ ಬೆಲೆ ಬಿದ್ದಾಗ ಅದರ ಮೇಲೆ ತೆರಿಗೆ ಏರಿಸಿ, ಜನರಿಗೆ ತೈಲ ಅಗ್ಗ ಅನ್ನಿಸದ ಹಾಗೆ ನೋಡಿಕೊಂಡರು. ಗಾಳಿಯಂತ್ರ ಹಾಕಿದವರಿಗೆ ನೆರವು ಮುಂದುವರಿಸಿದರು. ವೆಸ್ಟಾಸ್ ಮರುವರ್ಷ ಮಿಕ್ಕಿದ್ದೆಲ್ಲ ಮಾರಿ ಬರೀ ಗಾಳಿಯಂತ್ರ ಇಟ್ಟುಕೊಂಡು ಮತ್ತೆ ಎದ್ದಿತು. ಇವತ್ತು ಆ ದೇಶದ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದ್ದು.

ನಮಗೂ ಸಮುದ್ರದಲ್ಲಿ ತೈಲ ಸಿಕ್ಕಿತ್ತು. 1974ರ ಫೆಬ್ರವರಿ. ಬೆಲೆ ನಾಲ್ಕು ಪಟ್ಟಾಗಿ ದೇಶ ಕಂಗಾಲಾಗಿದ್ದ ಹೊತ್ತಲ್ಲೇ ಮುಂಬೈನಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಲ್ಲಿ 'ಸಾಗರ್ ಸಮ್ರಾಟ್' ಎಂಬ ರಿಗ್ ಕೊರೆದ ಬಾವಿಯಲ್ಲಿ ಎಣ್ಣೆ ಬಂತು. ಅದೇ ಬಾಂಬೆ ಹೈ. ದೇವರು ಕಣ್ಣು ಬಿಟ್ಟ ಅಂತಲೇ ಜನ ಅಂದಿರಬೇಕು. 1976ರಲ್ಲಿ ಉತ್ಪಾದನೆ ಶುರು. 1980ರ ದಶಕದ ಮಧ್ಯದ ಹೊತ್ತಿಗೆ ದೇಶಕ್ಕೆ ಬೇಕಾದ ತೈಲದಲ್ಲಿ ಸುಮಾರು ಮೂರನೇ ಎರಡು ಭಾಗ ನಮ್ಮ ನೆಲ, ನಮ್ಮ ಕಡಲಿನದ್ದೇ. ಹಾಗಂತ ಪರ್ಯಾಯದ ಕಡೆ ಯಾರೂ ನೋಡಲಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲೇ 'ಅಸ್ತ್ರ' ಕಟ್ಟಿದರು. ಹಳ್ಳಿ ಒಲೆ, ಗೋಬರ್ ಗ್ಯಾಸ್, ಸೌದೆಯಿಂದ ಗ್ಯಾಸ್, ಎಲ್ಲ ಅಲ್ಲಿ ನಡೆಯಿತು. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಸ್ತ್ರ ಒಲೆ ಇದ್ದಿರಬಹುದು. 1982ರಲ್ಲಿ ಕೇಂದ್ರದಲ್ಲಿ ಇದಕ್ಕೆಂದೇ ಒಂದು ಇಲಾಖೆಯೂ ಬಂತು. ಬುದ್ಧಿ ಇತ್ತು, ಕೈಯೂ ಇತ್ತು. ದೊಡ್ಡ ದುಡ್ಡು ಮಾತ್ರ ಈ ಕಡೆ ಬರಲಿಲ್ಲ.

1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು. ತೈಲ ಬೆಲೆ ಹಾರಿತು. ಆಗಲೇ ಬರಿದಾಗುತ್ತಿದ್ದ ಡಾಲರ್ ಬೊಕ್ಕಸಕ್ಕೆ ಅದು ದೊಡ್ಡ ಪೆಟ್ಟು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ವಿಮಾನ ಹತ್ತಿ ಅಡಮಾನಕ್ಕೆ ಹೋಯಿತು. ತೈಲ ಒಂದೇ ಕಾರಣ ಅಲ್ಲ, ಸಾಲದ ಕಾರಣ ಬೇಕಾದಷ್ಟಿತ್ತು. ಆದರೆ ಮನೆಯ ಒಡವೆ ಅಡವಿಟ್ಟವರಿಗೆ ಗೊತ್ತು, ಕೊನೆಯ ದೂಡುವಿಕೆ ಯಾವುದು ಅನ್ನೋದು.

ಬಾಂಬೆ ಹೈ ಕೂಡ ಹಬರ್ಟ್ ಹೇಳಿದ ಹಾದಿಯನ್ನೇ ಹಿಡಿಯಿತು. 1989ರ ಸುಮಾರಿಗೆ ಶಿಖರ, ಆಮೇಲೆ ಇಳಿಜಾರು. ರಾಜಸ್ಥಾನದ ಬಾರ್ಮೇರ್‌ನಲ್ಲಿ ಸಿಕ್ಕ ತೈಲ ಸ್ವಲ್ಪ ಕಾಲ ಕೈ ಹಿಡಿದು 2011-12ರಲ್ಲಿ ದೇಶದ ಉತ್ಪಾದನೆ ಸುಮಾರು 38 ದಶಲಕ್ಷ ಟನ್ ಮುಟ್ಟಿತು. ಹತ್ತು ವರ್ಷದಲ್ಲಿ ಅದು 30ಕ್ಕಿಂತ ಕೆಳಗೆ ಬಂದಿದೆ. ಬೇಡಿಕೆ ಮಾತ್ರ ಏರುತ್ತಲೇ ಇದೆ. ಇವತ್ತು ನೂರು ಲೀಟರ್ ಕಚ್ಚಾತೈಲದಲ್ಲಿ 85 ಲೀಟರ್‌ಗೂ ಹೆಚ್ಚು ಸೀಮೆಯಿಂದಲೇ ಬರಬೇಕು. ಹಬರ್ಟ್ ಪೂರ್ತಿ ಗೆದ್ದ ಅಂತಲೂ ಅಲ್ಲ. ಬೆಲೆ ಏರಿದ್ದರಿಂದಲೇ ಅಮೆರಿಕದವರು ಬಂಡೆ ಒಡೆದು ಶೇಲ್ ತೈಲ ತೆಗೆಯುವುದನ್ನು ಕಲಿತು, 2018ರಲ್ಲಿ 1970ರ ದಾಖಲೆಯನ್ನೇ ಮುರಿದರು. ಭೂಮಿಯಲ್ಲಿ ತೈಲ ಯಾವಾಗ ಮುಗಿಯುತ್ತೆ ಅನ್ನೋದು ನಮಗೆ ಸಂಬಂಧಿಸಿದ ಪ್ರಶ್ನೆಯೇ ಅಲ್ಲ. ನಮ್ಮ ಪಾಲಿನದು ಮುಗಿಯುತ್ತಾ ಬಂದಿದೆ.

ಈಗ ನೀವು ಕೇಳಿದ ಪ್ರಶ್ನೆಗೆ ಬರೋಣ. ಮೈನಸ್ ಬೆಲೆ ಬಂದದ್ದು ಅಮೆರಿಕದ ಒಂದು ವಾಯಿದೆಗೆ ಮಾತ್ರ, ನಾವು ಕೊಳ್ಳುವ ತೈಲಕ್ಕಲ್ಲ. ಆದರೂ ನಮ್ಮ ತೈಲವೂ ತುಂಬಾ ಅಗ್ಗವಾಗಿತ್ತು. 2020ರ ಮೇ 5ರ ರಾತ್ರಿ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ ಲೀಟರ್‌ಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ತೆರಿಗೆ ಏರಿಸಿತು. ಇಳಿಯಬೇಕಿದ್ದ ಬೆಲೆ ನಿಮ್ಮ ತನಕ ಬರಲೇ ಇಲ್ಲ. ಡೆನ್ಮಾರ್ಕ್ 1986ರಲ್ಲಿ ಮಾಡಿದ್ದೂ ಇದನ್ನೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಇದನ್ನೇ. ಲಾಕ್‌ಡೌನ್‌ನಲ್ಲಿ ಬೊಕ್ಕಸ ಖಾಲಿಯಾಗಿತ್ತು, ಖರ್ಚಿತ್ತು, ಒಪ್ಪೋಣ. ಆದರೆ ಅವರು ಹಾಕಿದಾಗ ಯಾಕೆ ಹಾಕುತ್ತಿದ್ದೇವೆ ಅಂತ ಜನರಿಗೆ ಹೇಳಿ ಹಾಕಿದರು. ನಮಗೆ ಯಾರೂ ಹೇಳಲಿಲ್ಲ. ನಾವೂ ಬೆಲೆ ಯಾಕೆ ಇಳಿದಿಲ್ಲ ಅಂತ ಕಿರುಚಿದೆವೇ ಹೊರತು ದುಡ್ಡು ಎಲ್ಲಿ ಹೋಗುತ್ತಿದೆ, ಅದರಲ್ಲಿ ನಾಳೆಯ ಇಂಧನಕ್ಕೆ ಎಷ್ಟು ಅಂತ ಒಂದು ದಿನವೂ ಪ್ಯಾನಲ್ ಕೂರಿಸಲಿಲ್ಲ. ನನ್ನ ಕಾರ್ಯಕ್ರಮವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆಯಲ್ಲ ಅನ್ನಬಹುದು. ಎದ್ದಿದೆ. ಬರದ ನೆಲವನ್ನು ರೈತರು ಮಾರದೆ ಗುತ್ತಿಗೆಗೆ ಕೊಟ್ಟ ಪಾರ್ಕ್ ಅದು, ನನಗೆ ಅದರ ಮೇಲೆ ಗೌರವ ಇದೆ. ಆದರೆ ಎಂಜಿನಿಯರ್ ಆಗಿ ಹೇಳಲೇಬೇಕು, ಪಾವಗಡದ ಕರೆಂಟು ಲಾರಿಯ ಟ್ಯಾಂಕಿಗೆ ಇಳಿಯೋದಿಲ್ಲ. ಲಾರಿ, ಟ್ರ್ಯಾಕ್ಟರ್, ಬಸ್ಸು ಬ್ಯಾಟರಿಗೆ ಬರುವ ತನಕ ಅದು ಕಲ್ಲಿದ್ದಲಿಗೆ ಪರ್ಯಾಯ, ತೈಲಕ್ಕಲ್ಲ.

ನಮ್ಮ ಹೊಂಗೆ ಪ್ರಾಜೆಕ್ಟ್ ಏನಾಯ್ತು? 2008ರ ಜುಲೈನಲ್ಲಿ 147 ಇದ್ದ ಕಚ್ಚಾತೈಲ ಡಿಸೆಂಬರ್‌ನಲ್ಲಿ 40ಕ್ಕಿಂತ ಕೆಳಗೆ ಬಂತು. ನಮ್ಮ ಎಂಜಿನ್ ಟೆಸ್ಟ್ ಮುಗಿಯುವ ಮೊದಲೇ ಪ್ರಪಂಚಕ್ಕೆ ಬಯೋಡೀಸೆಲ್ ಬೇಡವಾಗಿತ್ತು. ಆಮೇಲೆ ಲೆಕ್ಕ ಹಾಕಿದಾಗ ಇನ್ನೊಂದು ವಿಷಯ ಹೊಳೆಯಿತು. 147 ಇದ್ದಾಗಲೂ ನಮ್ಮ ಹೊಂಗೆಗೆ ಅವಕಾಶ ಇರಲಿಲ್ಲ. ಆಗ ಡೀಸೆಲ್ ಬೆಲೆ ಸರ್ಕಾರದ ಕೈಯಲ್ಲಿತ್ತು. ಚುನಾವಣೆ ಎದುರಿಗಿತ್ತು. ನಷ್ಟಕ್ಕೆ ತೈಲ ಕಂಪನಿಗಳಿಗೆ ಬಾಂಡ್ ಬರೆದುಕೊಟ್ಟು, ಬೆಂಗಳೂರಲ್ಲಿ ಲೀಟರ್ ಡೀಸೆಲ್ ನಲವತ್ತು ರೂಪಾಯಿ ಒಳಗೇ ಇಟ್ಟಿದ್ದರು. ನಮ್ಮ ಬಯೋಡೀಸೆಲ್‌ಗೆ ಗಾಣದ ಎಣ್ಣೆ, ಮೆಥನಾಲ್ ಸೇರಿ ಅದಕ್ಕಿಂತ ಎಷ್ಟೋ ಜಾಸ್ತಿ ಬಿದ್ದಿತ್ತು. ದೇಶದ ಲೆಕ್ಕದಲ್ಲಿ ತೈಲ ದುಬಾರಿ, ಬಂಕ್‌ನ ಲೆಕ್ಕದಲ್ಲಿ ಅಗ್ಗ. ಹೊಂಗೆ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿತು. ಬೀಳು ನೆಲದಲ್ಲೆಲ್ಲ ಜತ್ರೋಫಾ, ಅಂದರೆ ನಮ್ಮ ಕಾಡುಹರಳು ಬೆಳೆದು 2012ರೊಳಗೆ ಡೀಸೆಲ್‌ನಲ್ಲಿ ಶೇ. 20 ಬೆರೆಸುತ್ತೇವೆ ಅಂದ ಕೇಂದ್ರದ ಗುರಿಯೂ ಅದೇ ಹೊತ್ತಲ್ಲಿ ಸದ್ದಿಲ್ಲದೆ ಕರಗಿತು. ನಾವು ನಾಲ್ವರೂ ಪಾಸಾದೆವು. ಇಬ್ಬರು ಸಾಫ್ಟ್‌ವೇರ್‌ಗೆ, ಒಬ್ಬ ಬ್ಯಾಂಕಿಗೆ, ನಾನು ಟಿವಿಗೆ.

ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭಕ್ಕೆ ಕಾಲೇಜಿಗೆ ಹೋದಾಗ ಶೆಡ್ಡಿನ ಬೀಗ ತೆಗೆಸಿ ನೋಡಿದ್ದೆ. ನಮ್ಮ ರಿಯಾಕ್ಟರ್ ಟ್ಯಾಂಕಿನಲ್ಲಿ ತೋಟದ ಪೈಪು ಸುತ್ತಿಟ್ಟಿದ್ದರು.

2022ರ ಮಾರ್ಚ್. ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾತೈಲ 130 ಡಾಲರ್ ದಾಟಿದ ವಾರ. ಬುಲೆಟಿನ್ ಮುಗಿಸಿ ಹೊರಬಂದಾಗ ಫೋನ್. ನಮ್ಮ ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್. ನನಗೆ ಆಸಿಡ್ ಅಳೆಯೋದು ಕಲಿಸಿದವರು. ಈಗ ಟಿವಿಯಲ್ಲಿ ಬರ್ತೀನಿ ಅಂತ ಬಹುವಚನದಲ್ಲಿ ಮಾತಾಡಿಸುತ್ತಾರೆ, ನನಗೆ ಸಂಕೋಚ. "ಸಾರ್, ನಿಮ್ಮ ಹೊಂಗೆ ಪ್ರಾಜೆಕ್ಟ್ ರಿಪೋರ್ಟ್ ಇದ್ರೆ ಕಳಿಸಿ. ಲೈಬ್ರರಿ ಕಾಪಿ ಕಾಣ್ತಿಲ್ಲ. ಈ ಸಲ ಹುಡುಗರು ಬಯೋಡೀಸೆಲ್ ಮಾಡ್ತೀವಿ ಅಂತಿದಾರೆ. ಶೆಡ್ ಕ್ಲೀನ್ ಮಾಡಿಸ್ತಿದೀವಿ."

ಊರಿನ ಮನೆಯಲ್ಲಿ ಅಜ್ಜಿಯ ಟ್ರಂಕಿನೊಳಗೆ ಒಂದು ಪ್ರತಿ ಇರಬೇಕು, ಹುಡುಕಿ ಕಳಿಸ್ತೀನಿ ಅಂದೆ. ಆಮೇಲೆ ಬಾಯಿ ತಡೆಯದೆ ಕೇಳಿದೆ: "ಸಾರ್, ಆರು ತಿಂಗಳಲ್ಲಿ ಮತ್ತೆ ಕ್ರೂಡ್ ಇಳಿದ್ರೆ?"

ಅವರು ನಕ್ಕರು. "ಅಷ್ಟೊತ್ತಿಗೆ ಈ ಬ್ಯಾಚ್ ಪಾಸಾಗಿ ಹೋಗಿರುತ್ತೆ ಬಿಡಿ ಸಾರ್."